ರಾತ್ರಿ ತಂಗುವ ಪ್ರವಾಸಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಕೊಪ್ಪಳ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ, ಮಾನ್ಯ ಜಿಲ್ಲಾಧಿಕಾರಿಗಳಿಗೆ ಹಾಗೂ ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳಿಗೆ,

ಮಾನ್ಯರೇ,

ಗಂಗಾವತಿಯಲ್ಲಿ ಪ್ರವಾಸಿ ವಾಹನಗಳನ್ನು ಬಾಡಿಗೆಗೆ ಕೊಡುವ ಸಣ್ಣ ಅಂಗಡಿಯೊಂದನ್ನು ನಾನು ನಡೆಸುತ್ತಿದ್ದೇನೆ. ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬರುವ ಗುಂಪುಗಳನ್ನು ಹೊಸಪೇಟೆ ರೈಲು ನಿಲ್ದಾಣದಿಂದ ಟಿಟಿಯಲ್ಲಿ, ಅಂದರೆ ಟೆಂಪೊ ಟ್ರಾವೆಲರ್ ಗಾಡಿಯಲ್ಲಿ, ಕರೆತಂದು, ಹಂಪಿ, ಅಂಜನಾದ್ರಿ, ಪಂಪಾ ಸರೋವರ, ತುಂಗಭದ್ರಾ ಅಣೆಕಟ್ಟೆ ಸುತ್ತಿಸಿ, ಮತ್ತೆ ರೈಲು ಹತ್ತಿಸುವುದು ನಮ್ಮ ಕಸುಬು. ಈ ಕಸುಬಿನಲ್ಲಿ ಎಲ್ಲ ಲೆಕ್ಕವೂ ಪಾಯಿಂಟುಗಳಲ್ಲಿ ನಡೆಯುತ್ತದೆ. ವಿಠ್ಠಲ ದೇವಾಲಯ ಒಂದು ಪಾಯಿಂಟ್, ಕಮಲ ಮಹಲ್ ಒಂದು ಪಾಯಿಂಟ್, ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದರೂ ಅದು ಒಂದೇ ಪಾಯಿಂಟ್. ಕಡಿಮೆ ಹೊತ್ತಿನಲ್ಲಿ ಹೆಚ್ಚು ಪಾಯಿಂಟ್ ತೋರಿಸುವವನಿಗೆ ಹೆಚ್ಚು ಗಿರಾಕಿ ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ನಿಯಮ. ಆ ನಿಯಮ ಈಗ ಸಡಿಲವಾಗುತ್ತಿದೆ. ಆದರೆ ಜಿಲ್ಲೆಯ ಪ್ರವಾಸೋದ್ಯಮದ ಚರ್ಚೆಗಳು ಅದನ್ನು ಇನ್ನೂ ಗಮನಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲವಾದ್ದರಿಂದ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಇತ್ತೀಚಿನ ವರ್ಷಗಳಲ್ಲಿ ನಮಗೆ ಬರುವ ಫೋನ್ ಕರೆಗಳ ಧಾಟಿಯೇ ಬೇರೆಯಾಗಿದೆ. ಮೊದಲೆಲ್ಲ ‘ಎರಡು ದಿನಕ್ಕೆ ಎಷ್ಟು ಪಾಯಿಂಟ್ ಮಾಡಿಸ್ತೀರಿ, ಊಟ ಸೇರಿ ತಲೆಗೆ ಎಷ್ಟು’ ಎಂದು ಕೇಳುತ್ತಿದ್ದರು. ಈಗ ಕೇಳುವವರು, ‘ನಾಲ್ಕು ದಿನ ಆನೆಗೊಂದಿಯಲ್ಲೇ ಇರ್ತೀವಿ, ಗಾಡಿ ಒಂದು ಮಧ್ಯಾಹ್ನಕ್ಕೆ ಮಾತ್ರ ಬೇಕು, ಇಟಗಿ ದೇವಸ್ಥಾನಕ್ಕೆ ಹೋಗಿ ಬರೋಣ, ದಾರಿಯಲ್ಲಿ ಎಲ್ಲಿಯಾದರೂ ರೊಟ್ಟಿ ಊಟ ಸಿಗುತ್ತದೆಯೇ’ ಎನ್ನುತ್ತಾರೆ. ಇಂಥವರು ಹೆಚ್ಚಾಗಿ ಇಬ್ಬರೋ ನಾಲ್ವರೋ ಇರುತ್ತಾರೆ. ಬೆಳಿಗ್ಗೆ ಎದ್ದ ಮೇಲೆ ಅಂದಿನ ಕಾರ್ಯಕ್ರಮ ನಿರ್ಧರಿಸುತ್ತಾರೆ. ಗದ್ದೆಯಲ್ಲಿ ನಾಟಿ ನಡೆಯುತ್ತಿದ್ದರೆ ಅಲ್ಲೇ ಒಂದು ತಾಸು ನಿಂತುಬಿಡುತ್ತಾರೆ. ಚಾಲಕರಿಗೆ ಮೊದಮೊದಲು ಇದು ಕಿರಿಕಿರಿ ಎನಿಸಿತ್ತು ಎಂಬುದನ್ನು ಮರೆಮಾಚುವುದಿಲ್ಲ, ಏಕೆಂದರೆ ನಿಂತ ಗಾಡಿಗೆ ಕಿಲೋಮೀಟರ್ ಓಡುವುದಿಲ್ಲ.

ಪ್ಯಾಕೇಜ್ ಪ್ರವಾಸವನ್ನು ಹಳಿಯುವುದು ನನ್ನ ಉದ್ದೇಶವಲ್ಲ; ನನ್ನ ಮನೆ ನಡೆದದ್ದೇ ಅದರಿಂದ. ಅದು ಹುಟ್ಟಿದ್ದೂ ಬಡವರ ಅನುಕೂಲಕ್ಕಾಗಿಯೇ. 1841ರ ಜುಲೈಯಲ್ಲಿ ಇಂಗ್ಲೆಂಡಿನ ಥಾಮಸ್ ಕುಕ್ ಎಂಬ ಪಾನನಿಷೇಧ ಪ್ರಚಾರಕ ಲೆಸ್ಟರ್‌ನಿಂದ ಲಫ್‌ಬರೊ ಎಂಬ ಊರಿಗೆ ಸುಮಾರು 500 ಜನರನ್ನು ತಲೆಗೆ ಒಂದು ಶಿಲಿಂಗ್‌ನಂತೆ ರೈಲಿನಲ್ಲಿ ಕರೆದೊಯ್ದ. 1950ರಲ್ಲಿ ಲಂಡನ್ನಿನ ಹೊರೈಜನ್ ಎಂಬ ಸಂಸ್ಥೆ 32 ಪೌಂಡ್ 10 ಶಿಲಿಂಗ್‌ಗೆ ವಿಮಾನ, ಡೇರೆ, ಊಟ ಎಲ್ಲವನ್ನೂ ಸೇರಿಸಿ ಜನರನ್ನು ಕಾರ್ಸಿಕಾ ದ್ವೀಪಕ್ಕೆ ಕಳುಹಿಸಿತು. ಸಿರಿವಂತರಿಗಷ್ಟೇ ಎಟುಕುತ್ತಿದ್ದ ದೂರದ ಊರುಗಳು ಗುಮಾಸ್ತರಿಗೂ ಶಿಕ್ಷಕರಿಗೂ ಎಟುಕಿದ್ದು ಹೀಗೆ ಒಟ್ಟಾಗಿ ಖರೀದಿಸಿ ಅಗ್ಗವಾಗಿ ಹಂಚಿದ್ದರಿಂದ. ನಮ್ಮಲ್ಲೂ ವಯಸ್ಸಾದವರ ಯಾತ್ರೆಗೆ, ಡಿಸೆಂಬರ್‌ನ ಶಾಲಾ ಪ್ರವಾಸಕ್ಕೆ ಗುಂಪಿನ ಬಸ್ಸೇ ಸರಿಯಾದ ವ್ಯವಸ್ಥೆ, ಮುಂದೆಯೂ ಅದು ಇರಬೇಕು.

ಆದರೆ ಆ ವ್ಯವಸ್ಥೆ ನಿಂತಿದ್ದ ನೆಲ ಸರಿದಿದೆ. ಕುಕ್‌ನ ಹೆಸರು ಹೊತ್ತ ಬ್ರಿಟನ್ನಿನ ಸಂಸ್ಥೆ 2019ರ ಸೆಪ್ಟೆಂಬರ್‌ನಲ್ಲಿ ಸಾಲದಲ್ಲಿ ಮುಳುಗಿ ಬಾಗಿಲು ಹಾಕಿದಾಗ, ಹೊರದೇಶಗಳಲ್ಲಿ ಸಿಕ್ಕಿಕೊಂಡ ಒಂದೂವರೆ ಲಕ್ಷ ಪ್ರವಾಸಿಗಳನ್ನು ಅಲ್ಲಿನ ಸರ್ಕಾರ ವಿಮಾನ ಕಳುಹಿಸಿ ಕರೆಸಿಕೊಳ್ಳಬೇಕಾಯಿತು. (ಭಾರತದಲ್ಲಿ ಅದೇ ಹೆಸರಿನಲ್ಲಿರುವ ಸಂಸ್ಥೆಯ ಒಡೆತನ ಬೇರೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.) ಅಪರಿಚಿತ ಊರಿನಲ್ಲಿ ಕೋಣೆ ಹುಡುಕುವುದು, ದಾರಿ ಕೇಳುವುದು, ಭಾಷೆ ಬಾರದ ಕಡೆ ಚೌಕಾಸಿ ಮಾಡುವುದು ಎಂಬ ಮೂರು ತೊಂದರೆಗಳನ್ನು ನಿವಾರಿಸಿಕೊಡುವುದಕ್ಕಾಗಿ ಜನ ನಮ್ಮಂಥವರಿಗೆ ಹಣ ಕೊಡುತ್ತಿದ್ದರು. ಇಂದು ಆ ಮೂರನ್ನೂ ಜೇಬಿನಲ್ಲಿರುವ ಮೊಬೈಲೇ ನಿವಾರಿಸುತ್ತದೆ. ಸಾಣಾಪುರದ ಎಳನೀರಿನ ಗಾಡಿಯಲ್ಲೂ ಫೋನ್‌ಪೇ ಹಲಗೆ ಇದೆ. ಹಾಗಿರುವಾಗ ಬೇರೆಯವರು ಕಟ್ಟಿಕೊಟ್ಟ ವೇಳಾಪಟ್ಟಿಗೆ ತನ್ನ ರಜೆಯನ್ನು ಒಪ್ಪಿಸುವ ಅಗತ್ಯ ಅನೇಕರಿಗೆ ಉಳಿದಿಲ್ಲ.

ಇದು ನಗರದ ಹಣವಂತರ ಖಯಾಲಿ ಎಂದು ಯಾರಾದರೂ ಹೇಳಬಹುದು. ಹಾಗೆ ಹೇಳುವವರು ಮಂಗಳವಾರ ಅಥವಾ ಶುಕ್ರವಾರ ಹುಲಿಗಿಗೆ ಹೋಗಿ ಬಸ್ ನಿಲ್ದಾಣದಲ್ಲಿ ಅರ್ಧ ತಾಸು ನಿಲ್ಲಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಬೆಳಗಾವಿಯಿಂದಲೂ ಕಲಬುರಗಿಯಿಂದಲೂ ಹೆಣ್ಣುಮಕ್ಕಳು ತಾವು ತಾವೇ ಗುಂಪು ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು ಹುಲಿಗೆಮ್ಮನ ದರ್ಶನಕ್ಕೆ ಬರುತ್ತಾರೆ. ಅಲ್ಲಿಂದ ಮನಸ್ಸಾದರೆ ಅಂಜನಾದ್ರಿಗೆ ಹೋಗುತ್ತಾರೆ, ಇಲ್ಲವಾದರೆ ಹೊಸಪೇಟೆಗೆ. ಯಾವ ಏಜೆಂಟನೂ ಅವರಿಗೆ ಪ್ಯಾಕೇಜ್ ಮಾರಿಲ್ಲ. ತಮ್ಮ ಇಚ್ಛೆಯಂತೆ ತಿರುಗುವ ಪ್ರವಾಸಿಗಳು ಈ ಜಿಲ್ಲೆಯಲ್ಲಿ ಯಾರು ಎಂದು ಲೆಕ್ಕ ಹಾಕಿದರೆ ವಿದೇಶಿಯರಿಗಿಂತ ಮೊದಲು ಇವರನ್ನೇ ಎಣಿಸಬೇಕು. ಇವರಲ್ಲಿ ಕತ್ತಲಾದ ಮೇಲೆ ತಂಗಲು ಮರ್ಯಾದೆಯ, ಕೈಗೆಟಕುವ ಜಾಗ ಸಿಗದೆ ರಾತ್ರಿಯ ಬಸ್ಸನ್ನೇ ಹಿಡಿದು ಮರಳುವವರು ಎಷ್ಟು ಮಂದಿ ಎಂಬುದನ್ನು ಇಲಾಖೆ ಒಮ್ಮೆಯಾದರೂ ಕೇಳಿ ತಿಳಿಯಬೇಕು.

ಸರ್ಕಾರದ ಹಣ ಎಲ್ಲಿಗೆ ಹೋಗುತ್ತಿದೆ ಎಂಬುದು ಎಲ್ಲರಿಗೂ ಗೊತ್ತು. 2022-23ರ ರಾಜ್ಯ ಬಜೆಟ್‌ನಲ್ಲಿ ಅಂಜನಾದ್ರಿಯ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಣೆಯಾಯಿತು. ಅಂಜನಾದ್ರಿಗೆ ಸೌಲಭ್ಯ ಬೇಕು, ಅದರಲ್ಲಿ ಎರಡು ಮಾತಿಲ್ಲ. ಶನಿವಾರದ ನೂಕುನುಗ್ಗಲು ಕಂಡವರು ಶೌಚಾಲಯವೂ ನೆರಳೂ ಬೇಡ ಎನ್ನಲಾರರು. ನನ್ನ ತಕರಾರು ಇರುವುದು ಆ ಚರ್ಚೆಯ ಅಳತೆಗೋಲಿನ ಬಗ್ಗೆ. ಎಷ್ಟು ವಾಹನ ನಿಲ್ಲಬಹುದು, ಎಷ್ಟು ಜನ ಒಂದು ದಿನದಲ್ಲಿ ಬೆಟ್ಟ ಹತ್ತಿ ಇಳಿಯಬಹುದು ಎಂಬ ಲೆಕ್ಕದ ಸುತ್ತಲೇ ಮಾತು ಸುತ್ತುತ್ತದೆ. ಗುಂಪಿನ ಬಸ್ಸಿನಲ್ಲಿ ಬಂದವರು ಆನೆಗೊಂದಿ ಭಾಗದಲ್ಲಿ ಏನನ್ನು ಬಿಟ್ಟುಹೋಗುತ್ತಾರೆ ಎಂದು ಹತ್ತಿರದಿಂದ ನೋಡಿದವನು ನಾನು: ಕಾಯಿ, ಕರ್ಪೂರ, ಒಂದು ನೀರಿನ ಬಾಟಲಿ, ಪಾರ್ಕಿಂಗ್ ಶುಲ್ಕ. ಊಟ ಹೊಸಪೇಟೆಯ ಹೋಟೆಲಿನಲ್ಲಿ, ರಾತ್ರಿಯೂ ಅಲ್ಲೇ, ಏಕೆಂದರೆ ಪ್ಯಾಕೇಜಿನ ದರದಲ್ಲಿ ಅವೆರಡೂ ಮೊದಲೇ ಸೇರಿರುತ್ತವೆ. ಮೂರು ರಾತ್ರಿ ಆನೆಗೊಂದಿಯಲ್ಲಿ ಉಳಿದ ಇಬ್ಬರು ಮಾತ್ರ ಬೆಳಿಗ್ಗೆ ಒಗ್ಗರಣೆ ಮಿರ್ಚಿಗೆ, ಮಧ್ಯಾಹ್ನ ಖಾನಾವಳಿಯ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿಗೆ, ಸಂಜೆ ಹರಿಗೋಲಿಗೆ, ಬಾಡಿಗೆ ಸೈಕಲ್ಲಿಗೆ, ಬಾಳೆನಾರಿನ ಬುಟ್ಟಿಗೆ ಹೀಗೆ ಹತ್ತು ಕೈಗಳಿಗೆ ಹಣ ಕೊಟ್ಟು ಹೋಗುತ್ತಾರೆ. ಇದರಲ್ಲಿ ನನ್ನ ಟಿಟಿಯ ಪಾಲು ಕಡಿಮೆಯೇ, ಆದರೂ ಹೇಳುತ್ತಿದ್ದೇನೆ.

ಕಿನ್ನಾಳವನ್ನೇ ತೆಗೆದುಕೊಳ್ಳಿ. ಕೊಪ್ಪಳ ಪಟ್ಟಣದ ಪಕ್ಕದಲ್ಲೇ ಇದ್ದು, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಆಟಿಕೆಗಳ ಈ ಊರು ನಮ್ಮ ಯಾವ ಪ್ಯಾಕೇಜಿನಲ್ಲೂ ಒಂದು ಪಾಯಿಂಟ್ ಆಗಿರಲಿಲ್ಲ, ಏಕೆಂದರೆ ನಲವತ್ತು ಜನರನ್ನು ಇಳಿಸಿ ಹದಿನೈದು ನಿಮಿಷದಲ್ಲಿ ಹತ್ತಿಸಿಕೊಳ್ಳುವಂಥದ್ದು ಅಲ್ಲೇನೂ ಇಲ್ಲ. ಕಳೆದ ಚಳಿಗಾಲದಲ್ಲಿ ಧಾರವಾಡದ ದಂಪತಿಯನ್ನು ಅಲ್ಲಿಗೆ ಕರೆದೊಯ್ದಿದ್ದೆ. ಚಿತ್ರಗಾರರ ಮನೆಯ ಪಡಸಾಲೆಯಲ್ಲಿ ಹಿರಿಯರೊಬ್ಬರು ಹಗುರವಾದ ಮರದ ತುಂಡುಗಳನ್ನು ಜೋಡಿಸಿ ಕೂರಿಸಿದ್ದ ಗರುಡನ ರೆಕ್ಕೆಯ ಸಂದಿಗೆ ‘ಕಿಟ್ಟ’ ತುಂಬುತ್ತಿದ್ದರು. ನೆನೆಸಿ ಒಣಗಿಸಿ ಪುಡಿಮಾಡಿದ ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿದ ಕಂದುಬಣ್ಣದ ಆ ಮುದ್ದೆಯನ್ನು ಹೆಬ್ಬೆರಳಿನಿಂದ ಒತ್ತಿ, ಒದ್ದೆ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒತ್ತುತ್ತಿದ್ದರು. ಅದು ಒಣಗದೆ ಬಣ್ಣ ಹಚ್ಚುವಂತಿಲ್ಲ. ದಂಪತಿಯಲ್ಲಿನ ಹೆಣ್ಣುಮಗಳು ಕೆಳಗೆ ಚಾಪೆಯ ಮೇಲೆ ಕುಳಿತು ನೋಡುತ್ತಾ, ಚಹಾ ಕುಡಿಯುತ್ತಾ ಇಡೀ ಮಧ್ಯಾಹ್ನ ಕಳೆದರು. ಹೊರಡುವಾಗ ಒಂದು ಗೌರಿಯನ್ನು ಕೊಂಡರು. ಅವರು ಬೆಲೆಯನ್ನು ಚೌಕಾಸಿ ಮಾಡಲಿಲ್ಲ, ಕೆಲಸ ಕಣ್ಣೆದುರೇ ಇತ್ತಲ್ಲ. ನಡುವೆ ಯಾವ ಕಮಿಷನ್ನೂ ಇರಲಿಲ್ಲ. ಇಂಥ ಮನೆಗಳಿಗೆ ಬೇಕಾದದ್ದು ಹವಾನಿಯಂತ್ರಿತ ಮಾರಾಟ ಮಳಿಗೆಯಲ್ಲ. ಊರ ಹೊರಗೆ ಒಂದು ಸರಿಯಾದ ದಾರಿಸೂಚಕ ಫಲಕ, ಕುಳಿತು ನೋಡಲು ನೆರಳಿನ ಜಾಗ, ಯಾವ ದಿನ ಯಾರ ಮನೆಯಲ್ಲಿ ಕೆಲಸ ನಡೆಯುತ್ತದೆ ಎಂಬ ಮಾಹಿತಿ.

ಇಟಗಿಯ ಮಹಾದೇವ ದೇವಾಲಯ ಇನ್ನೊಂದು ಬಗೆಯ ಉದಾಹರಣೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ, 1112ರ ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಗುಡಿಯಲ್ಲಿ ವಾರದ ದಿನಗಳಲ್ಲಿ ನಾನು ಕರೆದೊಯ್ದವರ ಹೊರತು ಇನ್ನಾರನ್ನೂ ಕಾಣದ ಸಂದರ್ಭಗಳಿವೆ. ಹತ್ತಿರದಲ್ಲೇ ಕುಕನೂರಿನ ನವಲಿಂಗ ಗುಡಿಗಳಿವೆ. ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಇವೆಲ್ಲವನ್ನೂ ಸಾರ್ವಜನಿಕ ಬಸ್ಸಿನಲ್ಲಿ ಒಂದೇ ದಿನದಲ್ಲಿ ನೋಡಲು ಹೊರಟವರು ದಿನದ ಹೆಚ್ಚಿನ ಪಾಲನ್ನು ನಿಲ್ದಾಣಗಳಲ್ಲೇ ಕಳೆಯಬೇಕಾಗುತ್ತದೆ. ನನ್ನ ಗಾಡಿಗೆ ಅದರಿಂದ ಲಾಭವೇ ಹೊರತು ನಷ್ಟವಿಲ್ಲ, ಆದರೆ ನನ್ನ ಬಾಡಿಗೆ ಕೊಡಲಾಗದ ವಿದ್ಯಾರ್ಥಿ ಇಟಗಿ ನೋಡದೆ ಹೋಗುವುದು ಜಿಲ್ಲೆಗೆ ಶೋಭೆಯಲ್ಲ.

ಪುಷ್ಯ ಬಹುಳ ಬಿದಿಗೆಯಂದು ನಡೆಯುವ ಗವಿಸಿದ್ಧೇಶ್ವರ ಜಾತ್ರೆಯನ್ನಂತೂ ಯಾವ ಪ್ಯಾಕೇಜೂ ಹಿಡಿಯಲಾರದು. ಹಳ್ಳಿಹಳ್ಳಿಗಳಿಂದ ಎತ್ತಿನಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಜೋಳದ ರೊಟ್ಟಿಯ ಗಂಟುಗಳು ಮಹಾದಾಸೋಹಕ್ಕೆ ಬಂದಿಳಿಯುವುದನ್ನು ಒಮ್ಮೆ ಕಂಡ ಹೊರಗಿನವರು ಮರುವರ್ಷ ನಮ್ಮನ್ನು ಕೇಳುವುದು ಜಾತ್ರೆಯ ತಾರೀಖನ್ನೇ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ತಮ್ಮ ಪಾಡಿಗೆ ತಿರುಗುವ ಪ್ರವಾಸಿಗಳಿಂದ ಊರಿಗೆ ಒಳಿತೇ ಆಗುತ್ತದೆಂಬ ಖಾತರಿ ಇಲ್ಲ, ಮತ್ತು ಅದಕ್ಕೆ ಸಾಕ್ಷಿ ನಮ್ಮ ತಾಲ್ಲೂಕಿನಲ್ಲೇ ಇದೆ. ಹಂಪಿಯ ಎದುರು ತುಂಗಭದ್ರೆಯಲ್ಲಿರುವ ವಿರೂಪಾಪುರ ಗಡ್ಡಿಯಲ್ಲಿ ನದಿದಂಡೆಯ ಗುಡಿಸಲುಗಳಲ್ಲಿ ಬೆನ್ನುಚೀಲದವರು ಉಳಿಯುತ್ತಿದ್ದರು. ಅವರಿಗೆ ಬೇಕಾದದ್ದು ಗದ್ದೆ, ಬಂಡೆ, ಶಾಂತಿ. ಗದ್ದೆ ಕಾಣುವ ಗುಡಿಸಲಿಗೆ ಬೇಡಿಕೆ ಏರಿದಂತೆ ಗದ್ದೆಯ ಮೇಲೆಯೇ ಗುಡಿಸಲು ಎದ್ದವು, ಗುಡಿಸಲು ರೆಸಾರ್ಟ್ ಆಯಿತು. 1988ರ ಅಧಿಸೂಚನೆಯ ಪ್ರಕಾರ ಆ ನೆಲ ಸಂರಕ್ಷಿತವೆಂದೂ ಅಲ್ಲಿನ ಕಟ್ಟಡಗಳು ಅಕ್ರಮವೆಂದೂ ಹೈಕೋರ್ಟ್ 2015ರಲ್ಲಿ ನೀಡಿದ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು; ಮರುತಿಂಗಳೇ ಜೆಸಿಬಿಗಳು ಬಂದವು. ಅಲ್ಲಿ ದುಡಿಯುತ್ತಿದ್ದ ಅಡುಗೆಯವರು, ದೋಣಿಯವರು, ಬಟ್ಟೆ ಒಗೆಯುವವರು ಯಾವ ಕೋರ್ಟಿನಲ್ಲೂ ವಾದಿಗಳಾಗಿರಲಿಲ್ಲ, ಕೆಲಸ ಕಳೆದುಕೊಂಡವರ ಸಾಲಿನಲ್ಲಿ ಮಾತ್ರ ಮೊದಲಿಗರಾದರು. ನ್ಯಾಯಾಲಯದ ತೀರ್ಪು ಸರಿಯಾದದ್ದೇ ಎಂದು ನಾನು ನಂಬುತ್ತೇನೆ. ಆದರೆ ವರ್ಷಗಟ್ಟಲೆ ಕಟ್ಟಲು ಬಿಟ್ಟು ಒಂದು ಬೆಳಿಗ್ಗೆ ಕೆಡವುವ ಪದ್ಧತಿ ಆಡಳಿತ ಎನಿಸಿಕೊಳ್ಳುವುದಿಲ್ಲ.

ಹಾಗಾಗಿ ಮುಂದಿನ ನಿಯಮ ಈಗಲೇ ಸ್ಪಷ್ಟವಾಗಬೇಕು. ಹಂಪಿಯ ವಿಶ್ವ ಪರಂಪರೆಯ ಪ್ರದೇಶ ತುಂಗಭದ್ರಾ ನದಿಯ ಎರಡೂ ದಂಡೆಗಳಲ್ಲಿ ಹರಡಿದೆ. 1999ರಿಂದ 2006ರವರೆಗೆ ಹಂಪಿ ಯುನೆಸ್ಕೊದ ಅಪಾಯದಂಚಿನ ಪಟ್ಟಿಯಲ್ಲಿತ್ತು, ಅದಕ್ಕೆ ಮುಖ್ಯ ಕಾರಣಗಳಲ್ಲಿ ಆನೆಗೊಂದಿಯ ಸೇತುವೆಯೂ ಒಂದು ಎಂಬುದನ್ನು ಮರೆಯಬಾರದು. ಹೊಸ ಕಟ್ಟಡಕ್ಕೆ ಇಲ್ಲಿ ಬಿಗಿ ಇರುವುದು ಸರಿ. ಆದರೆ ತಲೆತಲಾಂತರದಿಂದ ಇರುವ ಮನೆಯಲ್ಲಿ, ಮನೆಯವರು ವಾಸವಿದ್ದುಕೊಂಡೇ, ಒಂದು ಗೋಡೆಯನ್ನೂ ಹೊಸದಾಗಿ ಎಬ್ಬಿಸದೆ ಎರಡು ಕೋಣೆಗಳನ್ನು ಅತಿಥಿಗಳಿಗೆ ಕೊಡುವ ವಿಧವೆಯನ್ನೂ, ಗದ್ದೆ ತುಂಬಿಸಿ ಇಪ್ಪತ್ತು ಕಾಟೇಜು ಕಟ್ಟುವ ಹೊರಗಿನ ಬಂಡವಾಳದಾರನನ್ನೂ ಒಂದೇ ಕಣ್ಣಿನಿಂದ ನೋಡುವುದು ಸರಿಯಲ್ಲ. ಮೊದಲನೆಯವರಿಗೆ ಕನ್ನಡದಲ್ಲಿರುವ ಒಂದು ಪುಟದ ಅರ್ಜಿ, ಗ್ರಾಮ ಪಂಚಾಯಿತಿಯಲ್ಲೇ ಸ್ವೀಕೃತಿ, ನಿಗದಿತ ಅವಧಿಯಲ್ಲಿ ಹೌದು ಅಥವಾ ಇಲ್ಲ ಎಂಬ ಲಿಖಿತ ಉತ್ತರ ಸಿಗಬೇಕು. ಹಂಪಿ ವಿಶ್ವ ಪರಂಪರೆ ಪ್ರದೇಶದ ನಿರ್ವಹಣಾ ಪ್ರಾಧಿಕಾರ, ಪುರಾತತ್ವ ಇಲಾಖೆ, ಪ್ರವಾಸೋದ್ಯಮ ಇಲಾಖೆ, ಪೊಲೀಸ್ ಠಾಣೆ ಎಂದು ಅವರನ್ನು ಬಾಗಿಲಿಂದ ಬಾಗಿಲಿಗೆ ಅಲೆಸಿದರೆ ಪರವಾನಗಿ ಇಲ್ಲದೆ ನಡೆಸುವುದೇ ಸುಲಭವೆಂದು ಅವರು ತೀರ್ಮಾನಿಸುತ್ತಾರೆ, ಆಮೇಲೆ ಅದೇ ಅಪರಾಧವಾಗುತ್ತದೆ.

ಪರವಾನಗಿಯ ಮಾತು ಬಂದಾಗ ಸುರಕ್ಷತೆಯ ಮಾತನ್ನು ಬಿಡಲಾಗದು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಹತ್ತಿರ ಎಡದಂಡೆ ಕಾಲುವೆಯ ದಡದಲ್ಲಿ ರಾತ್ರಿ ಪ್ರವಾಸಿಗಳ ಮೇಲೆ, ಅವರೊಂದಿಗಿದ್ದ ಹೋಮ್‌ಸ್ಟೇ ನಡೆಸುವ ಮಹಿಳೆಯ ಮೇಲೆ ನಡೆದ ದೌರ್ಜನ್ಯ, ಕಾಲುವೆಗೆ ತಳ್ಳಲ್ಪಟ್ಟ ಯುವಕನ ಸಾವು ಈ ಜಿಲ್ಲೆಯ ತಲೆ ತಗ್ಗಿಸಿದವು. ಆ ನಂತರ ಬಹಳ ದಿನ ನಮ್ಮ ಅಂಗಡಿಗೆ ಬಂದ ಕರೆಗಳಲ್ಲಿ ಮೊದಲ ಪ್ರಶ್ನೆ ಬಾಡಿಗೆಯದಾಗಿರಲಿಲ್ಲ. ಇಂಥ ಘಟನೆಯ ನಂತರ ಸಣ್ಣ ವಸತಿಗಳಿಗೆಲ್ಲ ಬೀಗ ಹಾಕಿಸುವುದು ಸುಲಭದ ಪರಿಹಾರವಾಗಿ ತೋರುತ್ತದೆ. ಬೀಗ ಹಾಕಿದರೆ ಪ್ರವಾಸಿಗಳು ಬರುವುದು ನಿಲ್ಲುವುದಿಲ್ಲ. ಯಾವ ದಾಖಲೆಯೂ ಇಲ್ಲದ ಕಡೆ ಉಳಿಯುತ್ತಾರೆ, ಅಷ್ಟೇ. ಕಾಲುವೆ ರಸ್ತೆಗೆ ದೀಪ, ರಾತ್ರಿ ಗಸ್ತು, ನೀರಿನ ಸೆಳೆತವಿರುವ ಜಾಗಗಳಲ್ಲಿ ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್‌ಗಳಲ್ಲಿ ಎಚ್ಚರಿಕೆಯ ಫಲಕ, ಪ್ರತಿ ನೋಂದಾಯಿತ ಮನೆಯ ಗೋಡೆಯ ಮೇಲೆ ಠಾಣೆಯ ನಂಬರು: ಇವು ಪ್ರವಾಸಿಗಳಿಗೆ ಮಾತ್ರವಲ್ಲ, ಸಂಜೆ ಗದ್ದೆಯಿಂದ ಮರಳುವ ನಮ್ಮ ಹೆಣ್ಣುಮಕ್ಕಳಿಗೂ ಬೇಕು.

ಹಿರೇಬೆಣಕಲ್ ಗುಡ್ಡದ ವಿಷಯದಲ್ಲಿ ನನ್ನ ಕೋರಿಕೆ ತದ್ವಿರುದ್ಧ. ಮೊರೇರ ಮನೆಗಳೆಂದು ಊರವರು ಕರೆಯುವ, ಎರಡು ಸಾವಿರ ವರ್ಷಕ್ಕೂ ಹಿಂದಿನ ಸುಮಾರು 400 ಶಿಲಾಸಮಾಧಿಗಳಿರುವ ಈ ನೆಲೆ 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದೆ. ಅಲ್ಲಿಗೆ ಕಲ್ಲುದಾರಿಯಲ್ಲಿ ನಡೆದೇ ಹೋಗಬೇಕು, ಮತ್ತು ಆ ನಡಿಗೆಯೇ ಇದುವರೆಗೆ ಅದನ್ನು ಕಾಪಾಡಿದೆ. ದಯವಿಟ್ಟು ಮೇಲಿನವರೆಗೆ ರಸ್ತೆ ಮಾಡಿಸಬೇಡಿ. ಅಲ್ಲಿನ ನಗಾರಿ ಬಂಡೆಯನ್ನು ಕಲ್ಲಿನಿಂದ ಬಡಿದು ಸದ್ದು ಕೇಳುವ ಚಪಲ ಪ್ರತಿಯೊಬ್ಬರಿಗೂ ಇರುತ್ತದೆ. ದಿನಕ್ಕೆ ಹತ್ತು ಜನ ಬಡಿಯುವುದಕ್ಕೂ ಐದು ಬಸ್ಸಿನ ಜನ ಬಡಿಯುವುದಕ್ಕೂ ವ್ಯತ್ಯಾಸವಿದೆ. ಊರಿನ ಯುವಕರಿಗೆ ತರಬೇತಿ ಕೊಟ್ಟು, ಅವರ ಜೊತೆಯಲ್ಲೇ ಸಣ್ಣ ತಂಡಗಳಾಗಿ ಹೋಗಬೇಕೆಂಬ ನಿಯಮ ಮಾಡಿದರೆ ಸಮಾಧಿಗಳೂ ಉಳಿಯುತ್ತವೆ, ಯುವಕರಿಗೂ ದುಡಿಮೆಯಾಗುತ್ತದೆ.

ಬೇರೆಯವರು ಏನು ಮಾಡಿದ್ದಾರೆಂದು ನೋಡಲು ದೂರ ಹೋಗಬೇಕಾಗಿಲ್ಲ. ಕೇರಳದವರು 2008ರಲ್ಲಿ ಕುಮರಕಂನಲ್ಲಿ ಹೋಟೆಲುಗಳ ಅಡುಗೆಮನೆಗೆ ಬೇಕಾದ ತರಕಾರಿಯನ್ನು ಕುಟುಂಬಶ್ರೀ ಮಹಿಳಾ ಗುಂಪುಗಳಿಂದಲೇ ಕೊಳ್ಳುವ ಏರ್ಪಾಡು ಮಾಡಿದರು, 2017ರಲ್ಲಿ ಅದಕ್ಕಾಗಿ ಜವಾಬ್ದಾರಿಯುತ ಪ್ರವಾಸೋದ್ಯಮದ ಮಿಷನ್ನನ್ನೇ ಸ್ಥಾಪಿಸಿದರು. ಭತ್ತದ ಕಣಜವೆನಿಸಿದ ಗಂಗಾವತಿಯ ಸುತ್ತ ಅಂಥ ಏರ್ಪಾಡು ಕಷ್ಟವಲ್ಲ. ವೆನಿಸ್ ನಗರ 2024ರ ಏಪ್ರಿಲ್‌ನಿಂದ ಜನದಟ್ಟಣೆಯ ದಿನಗಳಲ್ಲಿ 5 ಯೂರೊ ಪ್ರವೇಶ ಶುಲ್ಕ ವಿಧಿಸಿತು. ಅದು ಬಂದು ಅಂದೇ ಹೋಗುವವರಿಗೆ ಮಾತ್ರ, ನಗರದಲ್ಲಿ ರಾತ್ರಿ ತಂಗುವವರಿಗೆ ಅದರಿಂದ ವಿನಾಯಿತಿ. ಅಂಜನಾದ್ರಿಯಂಥ ಯಾತ್ರಾಸ್ಥಳಕ್ಕೆ ಶುಲ್ಕ ಹಾಕಿ ಎಂದು ನಾನು ಹೇಳುತ್ತಿಲ್ಲ, ಹೇಳಿದರೆ ಊರವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಯಾರಿಂದ ಊರಿಗೆ ಹೊರೆ, ಯಾರಿಂದ ಊರಿಗೆ ಆದಾಯ ಎಂಬುದನ್ನು ಅವರು ಬೇರ್ಪಡಿಸಿ ನೋಡಿದ್ದಾರೆ ಎಂಬುದಷ್ಟೇ ಇಲ್ಲಿ ಮುಖ್ಯ.

ನಮ್ಮಲ್ಲೂ ಆ ಬೇರ್ಪಡಿಕೆ ಲೆಕ್ಕದಿಂದಲೇ ಶುರುವಾಗಲಿ. ಪ್ರವಾಸಿಗಳ ವಾರ್ಷಿಕ ಸಂಖ್ಯೆಯನ್ನು ಪ್ರಕಟಿಸುವಾಗ ಜಿಲ್ಲೆಯಲ್ಲಿ ಕಳೆದ ರಾತ್ರಿಗಳ ಸಂಖ್ಯೆಯನ್ನೂ, ಯಾವ ಹೋಬಳಿಯಲ್ಲಿ ಎಷ್ಟು ಎಂಬುದನ್ನೂ ಪ್ರಕಟಿಸಿ. ಆನೆಗೊಂದಿಯಿಂದ ಗಂಗಾವತಿಗೆ, ಇಟಗಿಯಿಂದ ಕುಕನೂರಿನ ಮೂಲಕ ಕೊಪ್ಪಳಕ್ಕೆ ಸೂರ್ಯಾಸ್ತದ ನಂತರ ಒಂದೊಂದು ಬಸ್ಸು ಖಚಿತವಾಗಿ ಹೊರಡುವಂತೆ ಸಾರಿಗೆ ಸಂಸ್ಥೆಯೊಂದಿಗೆ ಮಾತನಾಡಿ, ಆ ವೇಳೆಯನ್ನು ನಿಲ್ದಾಣದ ಗೋಡೆಯ ಮೇಲೆ ಬರೆಸಿ. ಮತ್ತು ಮಳೆಗಾಲ ಮುಗಿದು ಪ್ರವಾಸದ ಹಂಗಾಮು ತೊಡಗುವ ಮುನ್ನ ಒಂದು ಸಭೆ ಕರೆಯಿರಿ. ಸಭೆ ಜಿಲ್ಲಾಡಳಿತ ಭವನದಲ್ಲಿ ಬೇಡ. ಖಾನಾವಳಿಯ ತಾಯಂದಿರು ಮಧ್ಯಾಹ್ನದ ಒಲೆ ಆರಿಸಿ ಕೊಪ್ಪಳಕ್ಕೆ ಬಂದು ಕೂರಲಾರರು. ಆನೆಗೊಂದಿಯಲ್ಲೇ, ಊಟದ ಹೊತ್ತು ಮುಗಿದ ಮೇಲೆ ಮೂರು ಗಂಟೆಗೆ ಕರೆಯಿರಿ. ಹರಿಗೋಲಿನವರು, ಮನೆಯಲ್ಲಿ ಕೋಣೆ ಕೊಡುವವರು, ಕಿನ್ನಾಳದ ಚಿತ್ರಗಾರರು, ನಾವು ವಾಹನದವರು ಎಲ್ಲರೂ ಬರುತ್ತೇವೆ. ಕಿನ್ನಾಳದಿಂದ ಅವರನ್ನು ಕರೆತಂದು ಮರಳಿ ಬಿಡುವ ಗಾಡಿಯ ಖರ್ಚು ನನ್ನದು.

ಇಂತಿ ತಮ್ಮ ವಿಶ್ವಾಸಿ,
ಗಂಗಾವತಿಯ ಒಬ್ಬ ಟ್ರಾವೆಲ್ಸ್ ವ್ಯವಹಾರಸ್ಥ